ಕಡ ಕೊಟ್ಟ ಬೆರಳು

ತೋರಣಗಲ್ಲಿನಲ್ಲಿ ಬಿಳಿ ಕಾರು ಅಂತ ಒಂದಿಲ್ಲ.
ಬಿಳಿ ಎಂದು ಬರೆದ ಆರ್‌ಸಿ ಪುಸ್ತಕ ಇರುತ್ತದೆ,
ಮೇಲೆ ಅದಿರಿನ ಕೆಂಪು.

ರಾತ್ರಿಪಾಳಿಯವರನ್ನು ಗೇಟಿನಲ್ಲಿಳಿಸಿ
ತಿಪ್ಪೇರುದ್ರ ಸೀದಾ ನಮ್ಮ ಶೆಡ್ಡಿಗೆ ಬಂದ.
ಬೆನ್ನಿಗೆ ನೀಲಿ ಹೊಗೆ,
ಯಾರೋ ಸೈಲೆನ್ಸರಿನೊಳಗೆ ಲೋಬಾನ ಹಾಕಿದ ಹಾಗೆ.
"ಟರ್ಬೊ ಹೋಗೈತಂತ ಸಾಬ್ರೆ. ಹೊಸಾದು ಹಾಕಿಬಿಡ್ರಿ.
ಮೂವತ್ತೆಂಟು ಸಾವಿರ ಅಂದಾರ, ತಂದೀನಿ."
ಎದೆಯ ಜೇಬು ತಟ್ಟಿಕೊಂಡ.

ಖಲಂದರ್ ಸಾಬರು ಚಹಾದ ಲೋಟ ಕೆಳಗಿಡಲಿಲ್ಲ.
"ಹೋಗೈತೆ ಅಂದೋರು ಬಿಚ್ಚಿ ನೋಡಿದ್ರಾ?"
"ಬಿಚ್ಚೋದೇನೈತ್ರಿ, ಒದ್ದಿ ಕಾಣ್ತೈತಲ್ಲ."
"ಮಳಿ ಬಂದ್ರ ನೆಲ ಒದ್ದಿ ಆಗ್ತೈತೆ.
ಸೋರಿದ್ದು ನೆಲಾನಾ?"

ಇಂಜಿನ್ ಆರುವ ತನಕ ಎರಡು ಬೀಡಿ.
ಆಮೇಲೆ ಕರೆದರು: "ಗಾದಿಲಿಂಗ, ಬೆರಳು ಕಡ ಕೊಡೋ."

ಅವರ ತೋರುಬೆರಳಿನ ತುದಿ ಸತ್ತು ಏಳು ವರ್ಷ.
ಕಾದ ಮ್ಯಾನಿಫೋಲ್ಡು ತಿಂದುಬಿಟ್ಟಿತು.
ಅದಕ್ಕೆ ಬಿಸಿ ತಿಳಿಯದು, ಕೂದಲೆಳೆಯೂ ತಿಳಿಯದು.

ಗಾಳಿಯ ಪೈಪು ಕಳಚಿ ಕೈ ಇಳಿಬಿಟ್ಟೆ.
ಕಣ್ಣಿಗೆ ಕಾಣದ ಕಡೆ ಒಂದು ಪುಟ್ಟ ಚಕ್ರ,
ನಡುವೆ ನಟ್ಟು, ಸುತ್ತ ಹಾಳೆ ತೆಳುವಿನ ರೆಕ್ಕೆ.
"ಮ್ಯಾಲ ಕೆಳಗ ಆಡಿಸು."
ಆಡುತ್ತೈತ್ರಿ, ಸ್ವಲ್ಪ.
"ಆಡ್ಲಿ. ಎಣ್ಣಿ ಮ್ಯಾಲ ತೇಲೋ ಗೂಟ ಅದು.
ಈಗ ಹಿಂದ ಮುಂದ."
ನಾನು ಸುಮ್ಮನಾದೆ.
ಹತ್ತೊಂಬತ್ತರ ಬೆರಳಿಗೆ ತನ್ನದೇ ನಾಡಿ ಬಡಿಯುತ್ತದೆ,
ಯಾವುದು ಗೂಟದ ಅಲುಗು, ಯಾವುದು ನನ್ನದು?
ಆಡ್ತೈತೆ, ಅಂದೆ.
ತಿಪ್ಪೇರುದ್ರ ಜೇಬಿಗೆ ಕೈ ಹಾಕಿದ.
ಸಾಬರು ನನ್ನ ಮೊಣಕೈ ಹಿಡಿದು,
"ಉಸಿರು ಬಿಡು. ಬಿಟ್ಟು ಮತ್ತ ನೋಡು.
ಸುಳ್ಳು ಹೇಳಬ್ಯಾಡ, ಹೆದರಿದ ನಿಜಾನೂ ಬ್ಯಾಡ."
ಬಿಟ್ಟೆ.
ಆಡಲಿಲ್ಲ.
ಬೆರಳಿನ ತಳ್ಳಿಗೆ ಚಕ್ರ ಎರಡು ಸುತ್ತು ತಿರುಗಿತು,
ಗೋಡೆಗೆ ಎಲ್ಲೂ ಉಜ್ಜಲಿಲ್ಲ.

ಆಮೇಲಿನದು ಅವರ ಕೆಲಸ.
ಏರ್ ಫಿಲ್ಟರ್ ಎತ್ತಿ ನೆಲಕ್ಕೆ ಬಡಿದರು,
ಸಂಡೂರಿನ ಅರ್ಧ ಗುಡ್ಡ ಬಿತ್ತು.
"ಟರ್ಬೊದಾಗ ರಬ್ಬರ್ ಸೀಲ್ ಇರಂಗಿಲ್ಲ ತಮ್ಮಾ,
ಗಾಳಿ ಒತ್ತೇ ಅದರ ಬಾಗ್ಲು.
ಮೂಗು ಕಟ್ಟಿದ್ರ ಉಸಿರು ಎಲ್ಲಿಂದ ಎಳೀಬೇಕು?
ಎಣ್ಣೀನೇ ಎಳೀತೈತೆ."
ಕೆಳಗಿನ ದಪ್ಪ ಕೊಳವೆ ಬಿಚ್ಚಿದಾಗ
ಡಾಂಬರಿನಂಥ ಕೆಸರು, ಹಳೆಯ ಎಣ್ಣೆಯ ಬೂದಿ:
ಇಳಿಯಲು ದಾರಿಯಿಲ್ಲದ್ದು ಕಂಡ ಕಡೆ ಹೊರಟಿತ್ತು.

ಇಷ್ಟಾದರೂ ಹೊರಗಿನ ಒದ್ದೆಗೆ ಲೆಕ್ಕ ಸಿಗಲಿಲ್ಲ.
ಸಾಬರು ಗಡ್ಡ ತುರಿಸಿಕೊಂಡರು.
ಕೊಳವೆ ತೊಳೆದು, ಹೊಸ ಫಿಲ್ಟರ್ ಹಾಕಿ,
ಪೆಟ್ರೋಲಿನಲ್ಲಿ ಎಲ್ಲ ಒರೆಸಿ,
ಮೊಮ್ಮಗಳ ಪೌಡರ್ ಡಬ್ಬಿ ತರಿಸಿ ಟರ್ಬೊಗೆ ಎರಚಿದರು.
ಮಲ್ಲಿಗೆ ವಾಸನೆಯ ಇಂಜಿನ್
ಕುಡತಿನಿಗೆ ಹೋಗಿ ಬಂತು.

ಬಾನೆಟ್ ಎತ್ತಿದರೆ ಬಿಳಿಯ ಮೇಲೆ ಒಂದೇ ಗೆರೆ.
ಟರ್ಬೊದಿಂದ ಹೊರಟದ್ದಲ್ಲ, ಅದರ ಮೇಲಿಂದ,
ಎಣ್ಣೆ ತರುವ ಸಣ್ಣ ಪೈಪಿನ ಬೋಲ್ಟಿನ ಕತ್ತಿನಿಂದ
ಇಳಿದು, ಗಾಳಿಗೆ ಹಿಂದೆ ಸರಿದು,
ಪಾಪದ ಟರ್ಬೊದ ಹೆಗಲ ಮೇಲೆ ಕೂತಿತ್ತು.

ತಾಮ್ರದ ವಾಷರ್ ಎರಡು.
ಹದಿನಾರು ರೂಪಾಯಿ.

ತಿಪ್ಪೇರುದ್ರನಿಗೆ ಖುಷಿಯಾಗಲಿಲ್ಲ.
"ಇಷ್ಟೇನಾ?" ಅಂದ, ಮೂರು ಸಲ.
ದೊಡ್ಡ ರೋಗಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಬಂದವನು
ವಾಷರನ್ನು ಅಂಗೈಲಿಟ್ಟು ತಿರುಗಿಸಿ ನೋಡಿದ.
"ಹೊಗಿ ಮತ್ತ ಬಂದ್ರ?"
"ಬರ್ತೈತೆ ಇವತ್ತು, ನಾಳಿ. ಪೈಪಿನಾಗ ಕುಂತ ಎಣ್ಣಿ ಸುಡಬೇಕಲ್ಲ.
ನಾಡದ್ದೂ ಬಂದ್ರ ಬಾ, ಬೈದು ಹೋಗು."

ಅವನು ನಾಡಿದ್ದು ಬರಲಿಲ್ಲ. ಕೂಲಿಯ ಬಾಕಿ ಕೊಡಲೂ ಬರಲಿಲ್ಲ.

ಅಂದು ಮಧ್ಯಾಹ್ನ ಸೋಪು, ಮಣ್ಣು, ಸೀಮೆಎಣ್ಣೆ
ಎಲ್ಲ ಹಾಕಿ ಉಜ್ಜಿ ಊಟಕ್ಕೆ ಕೂತೆ.
ರೊಟ್ಟಿ ಮುರಿಯುವಾಗಲೂ
ಬೆರಳ ತುದಿಯಲ್ಲಿ ಆ ಚಕ್ರ ತಿರುಗುತ್ತಲೇ ಇತ್ತು.
ಎದುರಿಗೆ ಸಾಬರು
ತಮ್ಮ ಬೆರಳನ್ನು ಬಿಸಿ ಸಾರಿನಲ್ಲಿ ಅದ್ದಿ,
ನನ್ನನ್ನು ಕೇಳಿದರು:
"ಆರೈತೇನೋ?"