ಗುಜರಿಯಲ್ಲಿ

ರಾಬರ್ಟ್‌ಸನ್‌ಪೇಟೆ. ದಸ್ತಗೀರನ ಗುಜರಿ.
ನೀಲಿ ಡ್ರಮ್ಮಿಗೆ ಮೂಗಿಟ್ಟೆ:
ತೊಳೆದರೂ ಹೋಗದ ಹುಳದೌಷಧಿ.
‘ಇದ್ ತಗೊಳ್ಳಿ ಮೇಡಂ, ಹಾಲಿನ್ ಕ್ಯಾನು.’
ಹಾಲು ಸುಮ್ಮನಿರುತ್ತೆ, ದಸ್ತಗೀರ್.
ಬೀರು ಕತ್ತಲಲ್ಲಿ ಕೂತು
ಉಸಿರು ಕೂಡಿಹಾಕುತ್ತೆ.

ಹುಬ್ಬಿನ ಮೇಲೆ ಗಾಜಿನ ಗೆರೆ ಇನ್ನೂ ಇದೆ:
ಡೋರೀನ್ ಆಂಟಿಯ ಶುಂಠಿ ಬೀರು,
ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ.
ಆ ಸದ್ದಿಗೆ ಲೈನುಮನೆಗಳೆಲ್ಲ ಹೊರಗೆ ಬಂದವು,
ಕೆಳಗೆ ಬಂಡೆ ಸಿಡಿಯಿತೆಂದು,
ಯಾರ ಶಿಫ್ಟು, ಯಾರ ಶಿಫ್ಟು ಎನ್ನುತ್ತ.
ಅಪ್ಪನದಾಗಿತ್ತು.

ತಗಡುಗಳ ಅಡಿಯಲ್ಲಿ ಸಿಕ್ಕಿತು:
ಸ್ಟೀಲಿನದು, ಯಾವುದೋ ಸೋಡಾ ಫ್ಯಾಕ್ಟರಿಯದು.
ಕತ್ತಿನ ಮೇಲೆ ಕೊರೆದ ಒತ್ತಡದ ಅಂಕಿ,
ಮುಚ್ಚಳದಲ್ಲೊಂದು ಪುಟ್ಟ ಕವಾಟ.
ಉಂಗುರ ಎಳೆದೆ.
ಎಷ್ಟು ವರ್ಷದ್ದೋ,
ಉಸ್ಸೆಂದಿತು.

ದಸ್ತಗೀರ್ ಬೆಲೆ ಹೇಳಿದ.
ನಾನು ಚೌಕಾಸಿ ಮಾಡಲಿಲ್ಲ.