ಎಕ್ಸ್‌ರೇದಾಗ ಏನೂ ಇಲ್ಲ

ಒಂದು ಸೀರಿಗೆ ಫಾಲು-ಪಿಕೊ ಎಪ್ಪತ್ತು ರೂಪಾಯಿ.
ಬೆಟಗೇರಿಯೊಳಗ ಇದಕ್ಕಿಂತ ಹೆಚ್ಚು ಕೇಳಿದರ
ಸೀರಿ ಬ್ಯಾರೆ ಓಣಿಗೆ ಹೋಗತಾವ.
ಹಂಗಾಗಿ ನನ್ನ ಲೆಕ್ಕ ಎಲ್ಲಾ ಸೀರಿಯೊಳಗ:
ಸಿಲಿಂಡರು ಹದಿಮೂರು ಸೀರಿ,
ಮನಿ ಬಾಡಿಗಿ ನಲವತ್ತು,
ವಿದ್ಯಾಶ್ರೀ ಬೂಟು ಐದು, ಕಾಲುಚೀಲ ಸೇರಿಸಿ.

ಹಲ್ಲಿಗೆ ಅಂತ ಯಾವ ಸೀರಿನೂ ತಗದಿಟ್ಟಿರಲಿಲ್ಲ.

ಶ್ರಾವಣ ಮುಗಿಯೂದ್ರೊಳಗ ಸುರುವಾತು.
ಎಡಕ್ಕ, ಕೆಳಗ, ಹಿಂದಿನಿಂದ ಎರಡನೇದು.
ಒಮ್ಮೊಮ್ಮೆ ಮ್ಯಾಲಿಂದು.
ಒಮ್ಮೊಮ್ಮೆ ಹಲ್ಲು ಬಿಟ್ಟು ಕಿವಿಯೊಳಗ ಹೋಗಿ ಕುಂತು
ಅಲ್ಲಿಂದ ಬಾಗಲಾ ಬಡೀತಿತ್ತು.
ಹಜರತಬಿ ಲವಂಗ ಕೊಟ್ಟಳು, ಇಟಗೊಂಡೆ.
ಪ್ಯಾರಲ ಎಲಿ ಕುದಿಸಿ ಮುಕ್ಕಳಿಸಿದೆ.
ಮೆಡಿಕಲ್ ಅಂಗಡಿ ಹುಡುಗ ಹಾಳಿಯೊಳಗ ಸುತ್ತಿ ಕೊಟ್ಟ
ಎರಡು ಬಿಳಿ, ಒಂದು ಗುಲಾಬಿ. ಅರ್ಧ ಸೀರಿ.
ಗುಲಾಬಿ ನುಂಗಿದ ರಾತ್ರಿ ನೋವು ಮಲಗಿತು,
ನಾನೂ ಮಲಗಿದೆ.
ಮುಂಜಾನೆ ನನಕಿಂತ ಮೊದಲು ಅದು ಎದ್ದಿತ್ತು.

ಸ್ಟೇಶನ್ ರೋಡಿನ ಡಾಕ್ಟರು
ಚಿತ್ರ ತಗದು, ಬೆಳಕಿಗೆ ಹಿಡಿದು ನೋಡಿದರು.
"ಏನೂ ಇಲ್ಲಲ್ಲವ್ವಾ. ತೂತಿಲ್ಲ, ಬಿರುಕಿಲ್ಲ, ಬೇರು ಗಟ್ಟಿ ಅದಾವ.
ತ್ರಾಸ ಭಾಳ ಆದರ ರೂಟ್ ಕೆನಾಲ್ ಮಾಡೂಣು."
ಎಷ್ಟಂತ ಕೇಳಿ, ಬಾಯಾಗಿನ ಹತ್ತಿ ತಗಿಯೂದ್ರಾಗ ಲೆಕ್ಕ ಹಾಕಿದೆ:
ಅರವತ್ನಾಕು ಸೀರಿ.
ಐದು ಸೀರಿ ಕೊಟ್ಟು ಒಂದು "ಏನೂ ಇಲ್ಲ" ಕೊಂಡು
ಚೀಲದಾಗ ಇಟಗೊಂಡು ನಡಕೋತ ಬಂದೆ.
ದಾರಿ ತುಂಬ ಅದು ನೋಯ್ತಿತ್ತು.

ಧಾರವಾಡದ ಕಡೆ ಹಲ್ಲಿನ ಕಾಲೇಜು ಐತಿ,
ಕಲಿಯೋ ಹುಡುಗೂರು ನೋಡತಾರ, ರೊಕ್ಕ ಕಡಿಮಿ,
ಅಂದಳು ಹಜರತಬಿ.
ಬಸ್ಸಿಗೆ ಆಧಾರ ಕಾರ್ಡು ತೋರಿಸಿದರ ಸಾಕು.
ಒಂದು ದಿನದ ದುಡಿಮಿ ಮಾತ್ರ ಹೋತು.
ನಾಕು ಹುಡುಗ್ಯಾರು, ಒಬ್ಬ ಹುಡುಗ, ಸುತ್ತ ನಿಂತು
ಬಾವಿಗೆ ಬಿದ್ದ ಕೊಡ ಹುಡುಕಿದಂಗ ಬಗ್ಗಿ ನೋಡಿದರು.
ಇಷ್ಟು ಮಂದಿ, ಇಷ್ಟು ಲಕ್ಷ್ಯಗೊಟ್ಟು
ನನ್ನ ಬಾಯಿ ಕಡೆ ಯಾವಾಗ ನೋಡಿದ್ದರು?
ಸ್ಟೀಲಿನ ಹಿಡಿಕಿಲೆ ಬಡದು ನೋಯ್ತದೇನು ಅಂದರು.
ಬಡದರ ಇಲ್ಲ. ಬಡೀದಿದ್ದರ ಐತಿ.
ಚಷ್ಮಾದ ಹುಡುಗಿ ಬರಕೊಂಡಳು, ಗೀಟು ಹಾಕಿದಳು, ಮತ್ತ ಬರದಳು.
"ಆಂಟಿ, ರಾತ್ರಿ ಹಲ್ಲು ಕಡೀತೀರೇನು?"
ನಿದ್ದ್ಯಾಗಿನ ಸಾಕ್ಷಿ ನಾ ಹೆಂಗ ಹೇಳಲಿ.
ನಾ ಕಡಿಯೂದು ದಾರ, ಅಂದೆ.
ಎಲ್ಲಾರೂ ನಕ್ಕರು.
"ಇನ್ನ ಮ್ಯಾಲೆ ಕತ್ತರಿ ಹಿಡೀರಿ" ಅಂದಳು.
ರಾತ್ರಿ ಹಲ್ಲಿಗೆ ಹಾಕಾಕ ಒಂದು ಅಚ್ಚು ಮಾಡಸಬೇಕಂತ.
ಇಪ್ಪತ್ತು ಸೀರಿ. ನೋಡೂಣು, ಅಂದು ಬಂದೆ.

ವಿದ್ಯಾಶ್ರೀ ಪಟ್ಟಿಯಿಂದ ತಲಿ ಎತ್ತಲಿಲ್ಲ.
"ಹೂಂ ಅವ್ವಾ, ನೀ ನಿದ್ದ್ಯಾಗೂ ಮಷೀನು ತುಳೀತಿ.
ಟಕಟಕ ಅಲ್ಲ, ಕರಕರ.
ನನಗ ರೂಢಿ ಆಗೇತಿ."
ರೂಢಿ ಆಗೇತಿ ಅಂದಳಲ್ಲ,
ಅದು ಹಲ್ಲಿನ ಬೇರಿಗಿಂತ ಕೆಳಗ ಹತ್ತಿತು.

ರಾತ್ರಿ ಯಾರನ್ನ ಕಡೀತಿರಬೇಕು ನಾನು?
ಹದಿನೆಂಟು ಸೀರಿ ರೊಕ್ಕ ಬಾಕಿ ಇಟ್ಟ ಸುಶೀಲಾಬಾಯಿ
"ದೀಪಾವಳಿಗೆ ನೋಡೂಣಂತ" ಅಂತ ನಕ್ಕಾಗ
ನಾನೂ ನಕ್ಕಿದ್ದೆ,
ಇವs ಹಲ್ಲು ತೋರಿಸಿ.

ಉಳಿದ ಫಾಲಿನ ತುಂಡೊಂದು, ಕುಂಕುಮ ಬಣ್ಣದ್ದು,
ತೊಳದು ಒಣಗಿಸಿ ಎಂಟು ಮಡಿಕಿ ಮಾಡಿ
ಹಲ್ಲಿನ ನಡುವ ಇಟ್ಟು ಮಲಗಿದೆ.
ಮುಂಜಾನೆ ಬಿಚ್ಚಿ ನೋಡಿದರ
ಎಂಟೂ ಪದರಿನ್ಯಾಗ ತೂತು,
ಸಾಲು ಸೊಟ್ಟ, ಹೊಲಿಗಿ ಒತ್ತೊತ್ತು.
ಗಿರಾಕಿಗೆ ಇಂಥಾದ್ದು ಕೊಟ್ಟರ
ಬಿಚ್ಚಿ ಮತ್ತ ಹೊಲದು ಕೊಡು ಅಂತಿದ್ದರು.

ನೋವು ಐತಿ ಇನ್ನೂ.
ಇವತ್ತಿಗೆ ಒಂಬತ್ತು ಸೀರಿ ಅದಾವ.
ಮೊದಲನೇದರ ದಾರ ಬಾಯಿತನಕ ಬಂತು, ಹಲ್ಲು ತೆರೀತು.
ತಡದು, ಕೂಗಿದೆ:
ವಿದ್ಯಾ, ಕತ್ತರಿ ಎಲ್ಲಿ ಇಟ್ಟೀ?