ಒಂದೇ ಗೆರೆ

ಪ್ರಯೋಗಾಲಯದ ದಿನಚರಿಯಲ್ಲಿ ರಬ್ಬರಿಗೆ ಜಾಗವಿಲ್ಲ.
ಬಿಳಿ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ.
ತಪ್ಪಿದರೆ ಅದರ ಮೇಲೆ ಒಂದೇ ಗೆರೆ,
ಕೆಳಗಿನ ಅಂಕಿ ಓದಲು ಬರುವಷ್ಟು ತೆಳ್ಳಗೆ.
ಪಕ್ಕದಲ್ಲಿ ಸರಿಯಾದದ್ದು, ತಾರೀಖು, ರುಜು.
ಮುಹರ್ರಕ್ಕಿಗೆ ಬಂದ ಮೊದಲ ವಾರ
ಡಾಕ್ಟರ್ ಹನಾನ್ ಕಲಿಸಿದ್ದು ಇಷ್ಟೇ.
ಉಳಿದದ್ದು ಯಂತ್ರಕ್ಕೆ ಗೊತ್ತಿದೆ ಅಂದಳು.

ಆಗಸ್ಟ್ ತಿಂಗಳ ರಾತ್ರಿಪಾಳಿ.
ಹೊರಗೆ ಗಾಳಿಯೇ ಬೆವರುತ್ತಿತ್ತು.
ಮಾದರಿ ನೀರು ತಣಿಯುವವರೆಗೆ ಕಾಯಬೇಕಿತ್ತು.
ಕಾಯಲಿಲ್ಲ.
ಬಿಸಿ ನೀರಿನಲ್ಲಿ ಇದ್ದಷ್ಟೇ ಉಪ್ಪು ಜೋರಾಗಿ ಮಾತಾಡುತ್ತದೆ.
ಇದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ,
ಐದಕ್ಕೆ ಐದು ಅಂಕ ಬಂದಿತ್ತು.
ಮೀಟರು ಏರಿತು. ಫೋನೆತ್ತಿ ಹೇಳಿದೆ:
ಕೆಟ್ಟಿದೆ, ಬಿಟ್ಟುಬಿಡಿ.
ಒಂದು ದೊಡ್ಡ ತೊಟ್ಟಿಯ ಸಿಹಿನೀರು
ಮೂರು ಗಂಟೆ ಹೊತ್ತು ಕಡಲಿಗೆ ಮರಳಿತು.
ಸದ್ದು ಕಿಟಕಿಯವರೆಗೂ ಬರುತ್ತಿತ್ತು.
ನಾನು ಚಾ ಕುಡಿಯುತ್ತಿದ್ದೆ.

ಹನಾನ್ ಬೈಯಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.
ಅದೇ ನೀರನ್ನು ಇಪ್ಪತ್ತೈದಕ್ಕೆ ಅಳೆ, ಮೂವತ್ತಕ್ಕೆ ಅಳೆ,
ಮೂವತ್ತೈದು, ನಲವತ್ತು ಅಂದಳು.
ಚುಕ್ಕಿಗಳನ್ನು ಜೋಡಿಸಿದರೆ ಮೇಲಕ್ಕೆ ಓಡುವ ಒಂದು ರೇಖೆ.
ಅದನ್ನು ಗೋಡೆಗೆ ಅಂಟಿಸಿ ನನ್ನ ಹೆಸರು ಬರೆದಳು:
ಬೊಮ್ಮಯ್ಯ ಆಗೇರ.
ಈ ದೇಶದಲ್ಲಿ ನನ್ನ ಹೆಸರು ಗೋಡೆ ಏರಿದ್ದು ಅದೊಂದೇ ಸಲ.

ಅಮ್ಮ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು ಎಳೆದವಳು.
ಕಡಲಿಂದ ನೀರು ಹೋದರೆ ಅವಳಿಗೆ ಕೂಲಿ,
ಉಪ್ಪು ಹೋದರೆ ನನಗೆ ಸಂಬಳ.
ಫೋನಿನಲ್ಲಿ ಕೇಳಿ ನಕ್ಕಳು.
"ನಾನೂ ಒಂದ್ ಸಲ ಮೋಡ ನೋಡ್ದೆ ಮನಿಗೆ ಹೋಗಿದ್ದೆ.
ಬೆಳಗಾಗೂದ್ರೊಳಗೆ ರಾಶಿ ಉಪ್ಪು ನೀರಾಗಿತ್ತು.
ಮಾರನೇ ದಿನ್ದಿಂದ ಗಾಳಿ ಮೂಸೂದು ಕಲ್ತೆ."
ಅವಳ ಮೂಗಿಗೆ ಯಾವ ವಿಶ್ವವಿದ್ಯಾಲಯವೂ
ಪ್ರಮಾಣಪತ್ರ ಕೊಟ್ಟಿಲ್ಲ.

ಗುರುವಾರ ರಾತ್ರಿ ಸಿನಿಮಾ.
ಭಟ್ಕಳದ ಇಮ್ತಿಯಾಜನ ಹಾರ್ಡ್ ಡಿಸ್ಕು, ಗೋಡೆಗೆ ಬಿಳಿ ಲುಂಗಿ.
ನಮಗೊಬ್ಬ ನಿರ್ದೇಶಕನೆಂದರೆ ಪ್ರಾಣ.
ಅವನ ಹೆಸರು ಇಬ್ಬರ ನಾಲಿಗೆಗೂ ಹೊರಳುವುದಿಲ್ಲ,
ಅಜ್ಜ ಅನ್ನುತ್ತೇವೆ.
ಅಜ್ಜನ ಒಂದು ಚಿತ್ರದಲ್ಲಿ ಗಂಡ ಸತ್ತ ಹೆಂಗಸು
ಕೊಡ ಹೊತ್ತು ಬರುತ್ತ ಜಾರುತ್ತಾಳೆ,
ನಗುತ್ತಾಳೆ,
ತಾನು ಅಳಬೇಕಿತ್ತೆಂದು ಆಮೇಲೆ ನೆನಪಾಗುತ್ತದೆ.
ಆ ಒಂದು ಚಣಕ್ಕಾಗಿ ಹತ್ತು ಸಲ ಹಿಂದಕ್ಕೆ ಓಡಿಸಿದ್ದೇವೆ.
ದುಃಖ ಹೀಗೇ ಇರುತ್ತದಲ್ಲ ಎಂದು
ಇಬ್ಬರೂ ದೊಡ್ಡವರಂತೆ ಮಾತಾಡಿದ್ದೇವೆ.

ಆಮೇಲೆ ಒಂದು ಸಂದರ್ಶನ ಸಿಕ್ಕಿತು.
ಆ ನಗು ಹೇಗೆ ಹೊಳೆಯಿತು ಎಂದು ಕೇಳಿದರೆ ಅಜ್ಜ,
ಹೊಳೆಯುವುದೇನು, ಅವಳು ನಿಜವಾಗಿ ಜಾರಿದಳು,
ಮತ್ತೆ ತೆಗೆಯಲು ರೀಲು ಉಳಿದಿರಲಿಲ್ಲ, ಅಂದ.
ಇಮ್ತಿಯಾಜನಿಗೆ ಎರಡು ದಿನ ಊಟ ಸೇರಲಿಲ್ಲ.
ನನಗೆ ಅಜ್ಜ ಇನ್ನೂ ಹತ್ತಿರದವನಾದ.

ಆದರೂ ಒಂದು ಮಾತು ಮನಸ್ಸಿನಿಂದ ಏಳುವುದಿಲ್ಲ.
ಅವನ ತಪ್ಪು ಬೆಳಕಾಗಿ ನಮ್ಮ ಲುಂಗಿಯ ಮೇಲೆ ಬಿತ್ತು.
ನನ್ನದು ಯಾರ ಲೋಟಕ್ಕೂ ಬೀಳಲಿಲ್ಲ.
ಎಲ್ಲ ತಪ್ಪೂ ಪಾಠ ಅನ್ನುವವರು
ಆ ಮೂರು ಗಂಟೆಯ ಸದ್ದು ಕೇಳಿಲ್ಲ.

ಕಾವಲಿನ ಯೂಸುಫ್ ಹೇಳುತ್ತಾನೆ:
ಅವನ ಮುತ್ತಜ್ಜ ಇದೇ ಕಡಲಿಗೆ ಧುಮುಕಿ
ತಳದ ಸಿಹಿ ಊಟೆಗೆ ತೊಗಲ ಚೀಲ ಒಡ್ಡುತ್ತಿದ್ದನಂತೆ.
ಬಾಯಿ ಬಿಗಿಯುವುದು ಒಂದು ಉಸಿರು ತಡವಾದರೆ ಉಪ್ಪು.
ಎಷ್ಟು ಚೀಲ ಕೆಟ್ಟವೋ, ಲೆಕ್ಕ ಇಟ್ಟವರಿಲ್ಲ.
ನನ್ನದಕ್ಕಿದೆ. ನಲವತ್ತೊಂದನೇ ಪುಟ.
ಗೆರೆಯ ಕೆಳಗೆ ಅಂಕಿ ಇನ್ನೂ ಕಾಣುತ್ತದೆ,
ರುಜುವಿನ ಕೊನೆಯ ಅಕ್ಷರ ಸ್ವಲ್ಪ ನಡುಗಿದೆ.

ಈ ರಾತ್ರಿಯೂ ಪಾಳಿ.
ಒಂದನೇ ತೊಟ್ಟಿಯ ಬಾಟಲಿ ಬಂತು.
ಕೆನ್ನೆಗೆ ಒತ್ತಿ ನೋಡಿದೆ. ಬೆಚ್ಚಗಿದೆ.
ಆಚೆಯಿಂದ ಫೋನು: ಏನಾಯ್ತು, ಹೇಳು, ಬೇಗ.
ಇನ್ನೂ ಇಲ್ಲ, ಅಂದೆ.
ಬಾಟಲಿ ಮೇಜಿನ ಮೇಲಿಟ್ಟು
ಎದುರಿಗೆ ಕೂತೆ.